ಗಾಲಿ ಮೇಲಿನ ನಾಲ್ಕು ಬೆರಳು ಜಾಗ

ತಮ್ಮಾ, ಕಾರು ತಗ್ಗಿಸಬೇಕೆಂಬ ಆಸೆ ನಿನ್ನ ಮನಸ್ಸಿನಲ್ಲಿ ಕೂತಿದೆ ಅನ್ನುವುದು ನನಗೆ ಗೊತ್ತು. ನಮ್ಮೂರು ಬಾಗಲವಾಡದಲ್ಲಿ ಈ ಆಸೆ ನಿನ್ನೊಬ್ಬನದೇ ಅಲ್ಲ. ಕವಿತಾಳ, ಸಿರವಾರ, ಮಾನ್ವಿ, ದೇವದುರ್ಗದ ಹುಡುಗರ ಬಾಯಲ್ಲೂ ಇದೇ ಮಾತು. ಸೆಕೆಂಡ್ ಹ್ಯಾಂಡ್ ಸ್ವಿಫ್ಟೋ ಐ20ಯೋ ಕೊಳ್ಳುವುದು, ರಾಯಚೂರಿಗೋ ಹೈದರಾಬಾದಿಗೋ ಒಯ್ದು ಸ್ಪ್ರಿಂಗ್ ಬದಲಿಸುವುದು, ಇಲ್ಲವೇ ಇದ್ದ ಸ್ಪ್ರಿಂಗನ್ನೇ ಕತ್ತರಿಸಿ ಗಿಡ್ಡ ಮಾಡುವುದು, ಕಾರು ನೆಲಕ್ಕೆ ಅವಚಿಕೊಂಡಂತೆ ಕಂಡಾಗ ಫೋಟೊ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕುವುದು. ಈ ಭಾಗದ ದಾರಿಗಳಲ್ಲಿ ಬಂಡಿ, ಟ್ರ್ಯಾಕ್ಟರು, ಲಾರಿ, ಕಾರು ಎಲ್ಲವನ್ನೂ ನಡೆಸಿದ ಹಿರಿಯನಾಗಿ ನಿನಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ಪೂರ್ತಿ ಕೇಳು, ಆಮೇಲೆ ತೀರ್ಮಾನ ನೀನೇ ಮಾಡು.

ಮೊದಲೇ ಹೇಳಿಬಿಡುತ್ತೇನೆ, ಚಂದ ಕಾಣಬೇಕೆಂಬ ಆಸೆ ತಪ್ಪಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯ ಎಷ್ಟೋ ಮನೆಗಳು ಬಾಗಿಲಿಗೆ ಬೀಗ ಹಾಕಿ ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗಿವೆ. ಅಂಥ ಮನೆಯ ಹುಡುಗ ಸ್ವಂತ ದುಡಿಮೆಯ ಕಾರಿನಲ್ಲಿ ಊರ ಅಗಸಿಯೊಳಗೆ ಬರುವಾಗ ನಾಲ್ಕು ಮಂದಿ ತಿರುಗಿ ನೋಡಲಿ ಅಂತ ಬಯಸಿದರೆ, ಅದರಲ್ಲಿ ಮರ್ಯಾದೆಯ ಹಂಬಲವಿದೆ. ಅದನ್ನು ನಾನು ಗೌರವಿಸುತ್ತೇನೆ. ನಮ್ಮ ಹಿರಿಯರೂ ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲಾ ಹೊದಿಸಿ ಓಣಿ ತುಂಬ ಮೆರೆಸಿದವರೇ. ಆದರೆ ಆ ಶೃಂಗಾರವೆಲ್ಲ ಕೋಡಿಗೆ, ಕೊರಳಿಗೆ, ಬೆನ್ನಿಗೆ. ಕಾಲಿನ ವಿಷಯಕ್ಕೆ ಬಂದರೆ ದಾರಿ ತಾಳಲಿ ಅಂತ ನಾಲು ಹೊಡೆಸಿದರು, ನೋಟಕ್ಕಾಗಿ ಕಾಲು ಮುಟ್ಟಲಿಲ್ಲ. ಕಾರಿಗೆ ಕಾಲು ಅಂದರೆ ಅದರ ಸಸ್ಪೆನ್ಶನ್. ನಾನು ಹೇಳಬೇಕಾದದ್ದರ ತಿರುಳೂ ಇಷ್ಟೇ: ಮೈಗೆ ಬೇಕಾದ ಶೃಂಗಾರ ಮಾಡು, ಕಾಲನ್ನು ಮಾತ್ರ ದಾರಿಗೆ ತಕ್ಕಂತೆ ಇರಲು ಬಿಡು.

ಗಾಲಿಗೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದು ಇರುತ್ತದಲ್ಲ, ನಿನ್ನ ಕಣ್ಣಿಗೆ ಅದು ದಂಡಕ್ಕೆ ಬಿಟ್ಟ ಜಾಗ. ಕಾರು ಕಟ್ಟಿದವನ ಲೆಕ್ಕದಲ್ಲಿ ಅದು ಗಾಲಿ ದುಡಿಯುವ ಜಾಗ. ಗಾಲಿ ಕಲ್ಲು ಹತ್ತಿದಾಗ ಮೇಲಕ್ಕೆ ಸರಿಯಬೇಕು, ಗುಂಡಿಗೆ ಬಿದ್ದಾಗ ಕೆಳಗಿಳಿಯಬೇಕು, ಕಾರಿನ ಮೈ ಮಾತ್ರ ಆದಷ್ಟು ಅಲುಗದೆ ಮುಂದೆ ಸಾಗಬೇಕು. ಹೊಡೆತವನ್ನು ಸ್ಪ್ರಿಂಗ್ ನುಂಗುತ್ತದೆ, ಸ್ಪ್ರಿಂಗಿನ ಕುಣಿತವನ್ನು ಶಾಕ್ ಅಬ್ಸಾರ್ಬರ್ ಹಿಡಿದು ನಿಲ್ಲಿಸುತ್ತದೆ. ಇವೆರಡೂ ಕೆಲಸ ಮಾಡಲು ಏರಿಳಿಯುವ ಜಾಗ ಬೇಕು. ಆ ಜಾಗ ಮುಗಿಯುವಲ್ಲಿ ಬಂಪ್ ಸ್ಟಾಪ್ ಎಂಬ ಗಟ್ಟಿ ತುಂಡೊಂದು ಇರುತ್ತದೆ, ಅದು ಕೊನೆಯ ತಡೆ. ಕಾರನ್ನು ಎರಡು ಬೆರಳು ಇಳಿಸಿದರೆ ಗಾಲಿ ಮೇಲೇರುವ ಜಾಗದಲ್ಲಿ ಎರಡು ಬೆರಳು ಹೋದಂತೆಯೇ. ಆಗ ಸಾಧಾರಣ ಗುಂಡಿಗೂ ಸಸ್ಪೆನ್ಶನ್ ಆ ತಡೆಗೆ ಹೋಗಿ ಗುದ್ದುತ್ತದೆ. ಅಲ್ಲಿಂದ ಮುಂದೆ ಹೊಡೆತ ತಡೆಯಲು ಏನೂ ಉಳಿದಿಲ್ಲ. ಅದು ನೇರವಾಗಿ ಶಾಕ್‌ನ ಮೇಲಿನ ಮೌಂಟಿಗೆ, ಅಲ್ಲಿಂದ ಬಾಡಿಗೆ, ಬಾಡಿಯಿಂದ ಸೀಟಿನ ಮೇಲೆ ಕೂತವರ ಬೆನ್ನುಮೂಳೆಗೆ ಮುಟ್ಟುತ್ತದೆ.

ಈಗ ನೆಲದ ಲೆಕ್ಕ ನೋಡೋಣ. ನೀವೆಲ್ಲ ಇಷ್ಟಪಡುವ ಸಣ್ಣ ಕಾರುಗಳ ಹೊಟ್ಟೆ ನೆಲದಿಂದ ಸುಮಾರು 160ರಿಂದ 170 ಮಿಲಿಮೀಟರ್ ಎತ್ತರದಲ್ಲಿರುತ್ತದೆ. 2018ರ ಸ್ವಿಫ್ಟಿನದು 163 ಮಿಲಿಮೀಟರ್. ಅಂದರೆ ಒಂದು ಗೇಣಿಗಿಂತ ಕಮ್ಮಿ. ತಗ್ಗಿಸುವ ಸ್ಪ್ರಿಂಗ್ ಹಾಕಿ 40 ಮಿಲಿಮೀಟರ್ ಇಳಿಸಿದೆ ಅಂತ ಇಟ್ಟುಕೋ, 120ರ ಆಸುಪಾಸು ಉಳಿಯಿತು. ಅದು ಖಾಲಿ ಕಾರಿನ ಲೆಕ್ಕ. ಐದು ಮಂದಿ ಕೂತು, ಡಿಕ್ಕಿಯಲ್ಲಿ ಒಂದು ಅಕ್ಕಿ ಚೀಲ ಇಟ್ಟರೆ ಸ್ಪ್ರಿಂಗ್ ಒತ್ತಿ ಇನ್ನೂ ಮೂರ್ನಾಲ್ಕು ಸೆಂಟಿಮೀಟರ್ ಕುಸಿಯುತ್ತದೆ. ಉಳಿದದ್ದು ಎಂಟೊಂಬತ್ತು ಸೆಂಟಿಮೀಟರ್, ನಿನ್ನ ಒಂದು ಅಂಗೈ ಅಗಲ.

ಆ ಅಂಗೈ ಅಗಲದ ಕೆಳಗೆ ನಮ್ಮ ರಸ್ತೆಯ ಹಂಪ್ಸ್ ದಾಟಬೇಕು. ಹಂಪ್ಸ್ ಹೇಗಿರಬೇಕು ಅನ್ನುವುದಕ್ಕೆ ದೇಶದಲ್ಲಿ ಅಳತೆ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ತನ್ನ ಮಾರ್ಗಸೂಚಿಯಲ್ಲಿ ಹೇಳಿರುವ ಪ್ರಕಾರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟಬೇಕಾದ ಹಂಪ್ಸಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಷ್ಟು ಅಗಲ ಯಾಕೆ ಅಂತ ಯೋಚಿಸು. ಸ್ವಿಫ್ಟಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 2.45 ಮೀಟರ್. ಹಂಪ್ಸ್ ಅದಕ್ಕಿಂತ ಅಗಲವಿದ್ದರೆ ನಾಲ್ಕೂ ಗಾಲಿ ಅದರ ಮೇಲೇ ಏರಿ ಇಳಿಯುತ್ತವೆ. ಕಾರಿನ ಹೊಟ್ಟೆಗೆ ಹಂಪ್ಸಿನ ಪೂರ್ತಿ ಎತ್ತರ ಎದುರಾಗುವುದೇ ಇಲ್ಲ. ನಮ್ಮ ಹಳ್ಳಿಗಳ ಮುಂದೆ ಇರುವುದು ಬೇರೆ. ಅಪಘಾತವಾದ ಮರುದಿನ ಸಿಟ್ಟಿನಲ್ಲಿ ಸಿಮೆಂಟು, ಜಲ್ಲಿ, ಮಣ್ಣು ಸುರಿದು ಹಾಕಿದ, ಒಂದೆರಡು ಅಡಿ ಅಗಲದ ಚೂಪು ದಿಬ್ಬ. ಮುಂದಿನ ಗಾಲಿ ದಾಟಿ ಕೆಳಗಿಳಿದಾಗ ಹಿಂದಿನ ಗಾಲಿ ಇನ್ನೂ ಈಚೆಗೇ ಇರುತ್ತದೆ. ಆ ದಿಬ್ಬದ ಪೂರ್ತಿ ಎತ್ತರ ಕಾರಿನ ಹೊಟ್ಟೆಯ ಕೆಳಗೇ ಬರುತ್ತದೆ. ಕಂಪನಿ ಕೊಟ್ಟ ಎತ್ತರದ ಕಾರೇ ಅಲ್ಲಿ ಕರಕರ ಸದ್ದು ಮಾಡುತ್ತದೆ. ತಗ್ಗಿಸಿದ ಕಾರು ಏನು ಮಾಡೀತು?

ಕೆಳಗೆ ತಾಗಿದರೆ ತಗಡು ಗೀಚುತ್ತದೆ ಅಷ್ಟೇ ಅಂದುಕೊಳ್ಳಬೇಡ. ಮುಂದೆ ಎಂಜಿನ್ನಿನ ಕೆಳಗೆ ಆಯಿಲ್ ಚೇಂಬರ್ ಇದೆ. ಎಷ್ಟೋ ಕಾರುಗಳಲ್ಲಿ ಅದು ಅಲ್ಯೂಮಿನಿಯಂದು. ಅದು ಬಾಗುವುದಕ್ಕಿಂತ ಮೊದಲು ಸೀಳುತ್ತದೆ. ಸೀಳಿದರೆ ಆಯಿಲ್ ರಸ್ತೆಗೆ ಹರಿದುಹೋಗುತ್ತದೆ, ಹಾಡಿನ ಸದ್ದಿನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ನಿನ್ನ ಕಣ್ಣಿಗೆ ಬೀಳುವ ಮೊದಲೇ ಎಂಜಿನ್ ಹಿಡಿದುಕೊಳ್ಳುತ್ತದೆ. ಆಮೇಲೆ ಬರುವ ಬಿಲ್ಲು ಹಳೇ ಕಾರಿನ ಬೆಲೆಗೆ ಹತ್ತಿರ ಹೋಗಬಹುದು. ಹಿಂದೆ ಸೈಲೆನ್ಸರ್ ಪೈಪು, ನಡುವೆ ಬ್ರೇಕ್ ಆಯಿಲ್ ಮತ್ತು ಪೆಟ್ರೋಲಿನ ಪೈಪುಗಳು, ಹಿಂದಿನ ಸೀಟಿನ ಕೆಳಗೆ ಟ್ಯಾಂಕು. ನೀನು ನೆಲಕ್ಕೆ ಹತ್ತಿರ ತರುತ್ತಿರುವುದು ಇವನ್ನೆಲ್ಲ.

ಹಂಪ್ಸ್ ಬಿಡು, ನಮ್ಮ ನೆಲದ ಗುಣವನ್ನೇ ನೋಡು. ಇದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಹಾಕಿದ ಡಾಂಬರು ಎಷ್ಟು ಚೆನ್ನಾಗಿ ಹಾಕಿದ್ದರೂ ಕೆಲವು ವರ್ಷಕ್ಕೆ ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಮಾನ್ವಿ, ಸಿಂಧನೂರು ಸೀಮೆಯಲ್ಲಿ ಭತ್ತದ ಗದ್ದೆ, ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ದೇವದುರ್ಗದ ಕಡೆಯೂ ಅದೇ. ಗದ್ದೆ ಇದ್ದಲ್ಲಿ ಕೆಸರು ಕಲಸುವ ಕೇಜ್ ವೀಲ್ ಇದೆ. ಅದನ್ನು ಬಿಚ್ಚದೆ ಡಾಂಬರಿನ ಮೇಲೇ ಟ್ರ್ಯಾಕ್ಟರ್ ಓಡಿಸಿದರೆ ರಸ್ತೆಯ ಮೈಯೆಲ್ಲ ಗೀರು. ಸುಗ್ಗಿಯಲ್ಲಿ ಹತ್ತಿ, ಭತ್ತ ಹೇರಿದ ಟ್ರೇಲರುಗಳ ಸಾಲು.

ರಸ್ತೆಯ ಅಗಲವನ್ನೂ ಲೆಕ್ಕಕ್ಕೆ ತಗೋ. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರಿನಲ್ಲಿ ಶುರುವಾದ ಮೇಲೆ ದೇಶದ ಹಳ್ಳಿಗಳಿಗೆ ಡಾಂಬರು ಬಂತು, ಅದು ದೊಡ್ಡ ಉಪಕಾರ. ಆದರೆ ಅಂಥ ರಸ್ತೆಯ ಡಾಂಬರಿನ ಅಗಲ ಸಾಮಾನ್ಯವಾಗಿ 3.75 ಮೀಟರ್, ಕೆಲವೆಡೆ 3 ಮೀಟರ್ ಮಾತ್ರ. ನಿನ್ನ ಕಾರೇ 1.7 ಮೀಟರ್ ಅಗಲ. ಎದುರಿಗೆ ಹತ್ತಿ ಹೇರಿದ ಟ್ರೇಲರ್ ಬಂದರೆ ಯಾರೋ ಒಬ್ಬರು ಕೆಳಗಿಳಿಯಲೇಬೇಕು. ಹೇರಿದವನು ಇಳಿಯಲಾರ, ಇಳಿಯಬೇಕಾದವನು ನೀನು. ಡಾಂಬರಿನ ಅಂಚಿನಿಂದ ಮಣ್ಣಿಗೆ ಅರ್ಧ ಅಡಿ ಇಳಿತ ಇರುವ ಕಡೆ ಎರಡು ಗಾಲಿ ಕೆಳಗೆ, ಎರಡು ಗಾಲಿ ಮೇಲೆ ಆಗಿ ಕಾರು ವಾಲಿ ನಿಂತಾಗ ಅದರ ಹೊಟ್ಟೆ ಅಂಚಿನ ಮೇಲೇ ಕೂರುತ್ತದೆ. ಆಗ ಹಿಂದೆ ಹತ್ತು ಬೈಕು ಹಾರ್ನ್ ಹೊಡೆಯುತ್ತಿರುತ್ತವೆ.

ಇನ್ನೊಂದನ್ನು ಪೇಟೆಯವರು ಯೋಚಿಸುವುದೇ ಇಲ್ಲ. ಸುಗ್ಗಿಯಲ್ಲಿ ನಮ್ಮವರು ತೊಗರಿ, ಸಜ್ಜೆ, ಹುರುಳಿಯನ್ನು ರಸ್ತೆಯ ಮೇಲೆ ಹರಡಿ, ವಾಹನ ಹಾಯ್ದು ಕಾಳು ಉದುರಲಿ ಅಂತ ಬಿಡುತ್ತಾರೆ. ಹಾಗೆ ಮಾಡಬಾರದು, ಆದರೂ ಮಾಡುತ್ತಾರೆ. ಒಣ ಹೊಟ್ಟು, ಬಳ್ಳಿ ಕಾರಿನ ಅಡಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಕಾರು ಹೊತ್ತಿ ಉರಿದ ಸುದ್ದಿ ನಮ್ಮ ರಾಜ್ಯದಲ್ಲೇ ಬಂದಿದೆ. ಹೊಟ್ಟೆ ಎಷ್ಟು ಕೆಳಗೋ ಅಷ್ಟು ಹೊಟ್ಟು ಬಾಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಳ್ಳ ತುಂಬಿ ರಸ್ತೆಯ ಮೇಲೆ ನೀರು ಹರಿದರೂ ಅಷ್ಟೇ. ಬೇರೆಯವರ ಅರ್ಧ ಗಾಲಿಗೆ ಬರುವ ನೀರು ನಿನಗೆ ಬಾಗಿಲಿಗೆ ಬರುತ್ತದೆ.

ನಮ್ಮ ಹಿರಿಯರಿಗೆ ಈ ನೆಲದ ಗುಣ ಗೊತ್ತಿತ್ತು. ಹಳೇ ಬಂಡಿಯ ಗಾಲಿ ಆಳೆತ್ತರಕ್ಕೆ ಹತ್ತಿರ ಇರುತ್ತಿತ್ತು. ಬಡಿಗ ಜಾಲಿ ಮರ ಕೆತ್ತಿ ಅರೆಕಾಲು ಕೂಡಿಸುತ್ತಿದ್ದ, ಕಂಬಾರ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸುತ್ತಿದ್ದ. ಅಷ್ಟು ದೊಡ್ಡ ಗಾಲಿ ಮಾಡಿದ್ದು ಗತ್ತಿಗಾಗಿ ಇರಲಿಲ್ಲ. ಎರೆ ಕೆಸರಿನಲ್ಲಿ ಗಾಲಿ ಹುಗಿದರೂ ಅಚ್ಚು ಕೆಸರಿಗೆ ತಾಗಬಾರದು ಅನ್ನುವುದು ಅವರ ಲೆಕ್ಕ. ಆಮೇಲೆ ಸಣ್ಣ ಗಾಲಿಯ ಟೈರ್ ಗಾಡಿ ಬಂತು, ಡಾಂಬರಿನ ಮೇಲೆ ಹಗುರಾಗಿ ಓಡಿತು, ಹೆಚ್ಚು ಭಾರ ಎಳೆಯಿತು. ಆದರೆ ಮಳೆಗಾಲದ ಹೊಲದ ದಾರಿಯಲ್ಲಿ ಹೂತು ನಿಂತದ್ದೂ ಅದೇ. ಗಾಡಿಯ ಎತ್ತರವನ್ನು ತೀರ್ಮಾನಿಸುವುದು ನೆಲ.

ಮೋಟಾರು ಓಟದವರೂ ಇದನ್ನೇ ಪಾಲಿಸುತ್ತಾರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ಓಡುವ ರೇಸ್ ಕಾರು ನೆಲಕ್ಕೆ ಹತ್ತಿರ ಇರುತ್ತದೆ. ಭಾರದ ಕೇಂದ್ರ ಕೆಳಗಿದ್ದಷ್ಟೂ ತಿರುವಿನಲ್ಲಿ ಕಾರು ವಾಲುವುದು ಕಮ್ಮಿ, ಹಿಡಿತ ಹೆಚ್ಚು. ಅಲ್ಲಿ ನೆಲ ಒಂದೇ ಸಮ, ಹಂಪ್ಸ್ ಇಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ಅದೇ ನಮ್ಮ ಕರ್ನಾಟಕದ ಕೆ-1000 ರ‍್ಯಾಲಿಗೆ, ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿಗೆ ಹೋಗುವ ಕಾರು ನೋಡು. ಮಣ್ಣಿನ ದಾರಿಗೆ ಇಳಿಯುವ ಆ ಕಾರಿಗೆ ಎತ್ತರ ಹೆಚ್ಚಿಸುತ್ತಾರೆ, ಗಾಲಿಗೆ ಏರಿಳಿಯುವ ಜಾಗ ಹೆಚ್ಚು ಕೊಡುತ್ತಾರೆ, ಹೊಟ್ಟೆಯ ಕೆಳಗೆ ಲೋಹದ ತಟ್ಟೆ ಬಿಗಿಯುತ್ತಾರೆ. ಇಬ್ಬರಿಗೂ ಬೇಕಾದದ್ದು ವೇಗವೇ, ನೆಲ ಬೇರೆಯಾದ್ದರಿಂದ ಎತ್ತರ ಬೇರೆ. ನೀನು ದಿನಾ ಓಡಾಡುವ ದಾರಿ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಅಂತ ನಿನಗೇ ಗೊತ್ತು.

ಕಾರು ತಗ್ಗಿಸುವ ಶೋಕಿ ಎಲ್ಲಿಂದ ಬಂತು ಅನ್ನುವುದನ್ನೂ ತಿಳಿದುಕೋ, ಅದರಲ್ಲಿ ನಿನಗೊಂದು ಪಾಠವಿದೆ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಲಾಸ್ ಏಂಜಲೀಸ್ ಸುತ್ತ ಮೆಕ್ಸಿಕನ್ ಮೂಲದ ದುಡಿಯುವ ಮನೆಗಳ ಹುಡುಗರು ಹಳೇ ಕಾರು ಕೊಂಡು, ಡಿಕ್ಕಿಯಲ್ಲಿ ಮರಳಿನ ಚೀಲ ಹೇರಿ, ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿ, ತಮ್ಮ ಓಣಿಗಳಲ್ಲಿ ನಿಧಾನವಾಗಿ ಮೆರೆಯುತ್ತಿದ್ದರು. ಅವರ ಮಟ್ಟಿಗೆ ಅದು ನಾವೂ ಇದ್ದೇವೆ ಅಂತ ಹೇಳುವ ದಾರಿ. ಲೋರೈಡರ್ ಅನ್ನುವ ಹೆಸರು ಅಲ್ಲಿಯದು. 1958ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಬಂತು: ಗಾಲಿಯ ರಿಮ್ಮಿನ ಕೆಳ ಅಂಚಿಗಿಂತ ಕಾರಿನ ಯಾವ ಭಾಗವೂ ಕೆಳಗಿರಕೂಡದು. 1959ರಲ್ಲಿ ರಾನ್ ಅಗೀರೆ ಎಂಬಾತ ವಿಮಾನದಲ್ಲಿ ಬಳಸುವ ಹೈಡ್ರಾಲಿಕ್ ಪಂಪುಗಳನ್ನು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದ. ನಿಂತಾಗ ಕಾರು ನೆಲಕ್ಕೆ ಇಳಿಯುತ್ತಿತ್ತು, ದಾರಿಗೆ ಹೊರಟಾಗ ಮೇಲೇಳುತ್ತಿತ್ತು. ಆ ಜನರ ಕಲೆಗೆ ಮರ್ಯಾದೆ ಸಿಗಲು ಬಹಳ ಕಾಲ ಹಿಡಿಯಿತು, ಕ್ಯಾಲಿಫೋರ್ನಿಯಾ ಆ ನಿರ್ಬಂಧವನ್ನು ತೆಗೆದದ್ದು 2024ರ ಜನವರಿಯಿಂದ. ನೀನು ಗಮನಿಸಬೇಕಾದದ್ದು ಇಷ್ಟು: ಈ ಶೋಕಿಯನ್ನು ಹುಟ್ಟುಹಾಕಿದವರೇ ಕಾರನ್ನು ಮೇಲೆತ್ತುವ ಉಪಾಯವನ್ನೂ ಜೊತೆಗೇ ಕಂಡುಕೊಂಡರು. ಫೋಟೊದಲ್ಲಿ ಕಾಣುವುದು ಇಳಿದು ನಿಂತ ಕಾರು. ಓಡುವ ಕಾರಿಗೆ ಎತ್ತರ ಬೇಕು ಅಂತ ಅವರಿಗೂ ಗೊತ್ತಿತ್ತು.

ಈಗ ಕಾರಿನೊಳಗೆ ಕೂರುವವರ ಮಾತಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ದೊಡ್ಡದು ಇದೇ. ಪೇಟೆಯಲ್ಲಿ ಕಾರು ಒಬ್ಬನದು. ಹಳ್ಳಿಯಲ್ಲಿ ಕಾರು ಓಣಿಯದು. ನಿನ್ನ ಹೆಸರಿನಲ್ಲಿ ಆರ್‌ಸಿ ಇರಬಹುದು, ಅಷ್ಟಕ್ಕೆ ಅದು ನಿನ್ನೊಬ್ಬನ ಕಾರಾಗುವುದಿಲ್ಲ. ಅವ್ವನಿಗೆ ಮೊಣಕಾಲು ನೋವು. ತಗ್ಗು ಸೀಟಿಗೆ ಕುಸಿದು ಕೂರುವುದೂ ಕಷ್ಟ, ಅಲ್ಲಿಂದ ಏಳುವುದು ಇನ್ನೂ ಕಷ್ಟ. ಅಜ್ಜನಿಗೆ ಬೆನ್ನು ಹಿಡಿದಿದೆ. ಒಂದೊಂದು ಗುಂಡಿಗೂ "ಯಪ್ಪಾ, ನಿಧಾನ ಹೊಡಿ" ಅನ್ನುತ್ತಾನೆ. ಮಂತ್ರಾಲಯಕ್ಕೆ ಹೋಗಬೇಕು, ನೀರಮಾನ್ವಿ ಯಲ್ಲಮ್ಮನ ಜಾತ್ರೆಗೆ ಹೋಗಬೇಕು, ಜಾತ್ರೆಯಲ್ಲಿ ಗಾಡಿ ನಿಲ್ಲಿಸುವುದು ಹೊಲದಲ್ಲೇ. ಅಕ್ಕನ ಸಂಸಾರ, ಬುತ್ತಿ ಗಂಟು, ತೆಂಗಿನಕಾಯಿ ಚೀಲ ಎಲ್ಲ ಕೂಡಿದಾಗ ನಾನು ಮೇಲೆ ಹೇಳಿದ ಅಂಗೈ ಅಗಲದ ಲೆಕ್ಕ ನೆನಪಿಗೆ ತಂದುಕೋ.

ರಾತ್ರಿ ಹೊತ್ತು ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಸೊಸೆಗೆ ಹೆರಿಗೆ ನೋವು, 108 ಬರುವುದು ತಡ, ನಿನ್ನ ಕಾರು ತೆಗಿ ಅನ್ನುತ್ತಾರೆ. ಮಾನ್ವಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದಿದ್ದರೆ ರಾಯಚೂರಿನ ರಿಮ್ಸ್‌ಗೆ. ಆ ದಾರಿಯಲ್ಲಿ ಪ್ರತಿ ಹಂಪ್ಸಿಗೂ ಕಾರು ನಿಲ್ಲಿಸಿ, ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಿ ಇಳಿಸುತ್ತಾ ಕೂರಲಿಕ್ಕೆ ಆಗುತ್ತದೆಯೇ? ಬೇಗ ಹೋದರೆ ಒಳಗಿರುವ ಜೀವಕ್ಕೆ ಪೆಟ್ಟು, ನಿಧಾನ ಹೋದರೆ ಹೊತ್ತು ಮೀರುತ್ತದೆ. ಊರಿನಲ್ಲಿ ಕಾರಿರುವ ಹುಡುಗನಿಗೆ ನಿಜವಾದ ಮರ್ಯಾದೆ ಸಿಗುವುದು ಇಂಥ ರಾತ್ರಿಗಳಲ್ಲಿ. ಆ ಮರ್ಯಾದೆಯನ್ನು ಎರಡು ಬೆರಳು ಸಂದಿಗಾಗಿ ಬಿಟ್ಟುಕೊಡಬೇಡ.

ಸ್ಪ್ರಿಂಗ್ ಕತ್ತರಿಸುವ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ: ಅದನ್ನು ಮಾಡಲೇಬೇಡ. ಕಡಿಮೆ ದುಡ್ಡಿನಲ್ಲಿ ಆಗುತ್ತದೆ ಅಂತ ಹೇಳುವವರು ಸಿಗುತ್ತಾರೆ. ಸ್ಪ್ರಿಂಗಿನ ಒಂದು ಸುತ್ತು ತೆಗೆದರೆ ಅದು ಗಿಡ್ಡವಾಗುವುದರ ಜೊತೆಗೆ ಬಿರುಸೂ ಆಗುತ್ತದೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಹೋದರೆ ಬಿರುಸು ಶೇಕಡಾ 20ರಷ್ಟು ಹೆಚ್ಚುತ್ತದೆ. ಹಳೇ ಶಾಕ್ ಆ ಹೊಸ ಬಿರುಸಿಗೆ ತಯಾರಾದದ್ದಲ್ಲ, ಬೇಗ ಆಯಿಲ್ ಸೋರಿಸಿ ಸಾಯುತ್ತದೆ. ಗ್ಯಾಸ್ ಕಟ್ಟರಿನ ಬೆಂಕಿ ತಾಗಿಸಿದರಂತೂ ಉಕ್ಕಿನ ಹದವೇ ಕೆಡುತ್ತದೆ, ಮುಂದೆ ಎಲ್ಲಿ ಮುರಿಯುತ್ತದೋ ಹೇಳಲಾಗದು. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಕತ್ತರಿಸಿದ ತುದಿ ತನ್ನ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಲಿ ಗುಂಡಿಗೆ ಇಳಿದು ಜೋತಾಗ ಗಿಡ್ಡ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು. ಅದು ಓಡುವ ಕಾರಿನಲ್ಲಿ, ತಿರುವಿನಲ್ಲಿ ಆದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಒಳ್ಳೆಯ ಕಂಪನಿಯ ಸ್ಪ್ರಿಂಗ್ ಹಾಕಿಸಿದರೂ ನಿಧಾನವಾಗಿ ತಿನ್ನುವ ಖರ್ಚುಗಳಿವೆ. ಎತ್ತರ ಬದಲಾದರೆ ಗಾಲಿ ನಿಲ್ಲುವ ಓರೆ ಬದಲಾಗುತ್ತದೆ, ಅಲೈನ್‌ಮೆಂಟ್ ತಪ್ಪುತ್ತದೆ. ಟೈರಿನ ಒಳ ಅಂಚು ಸವೆಯುತ್ತದೆ, ಹೊರಗಿನಿಂದ ನೋಡಿದರೆ ಹೊಸದರ ಹಾಗೇ ಕಾಣುತ್ತದೆ. ಲೋವರ್ ಆರ್ಮಿನ ಬುಶ್, ಬಾಲ್ ಜಾಯಿಂಟ್, ಡ್ರೈವ್ ಶಾಫ್ಟಿನ ರಬ್ಬರ್ ಬೂಟ್ ತಮಗೆ ಒಗ್ಗದ ಓರೆಯಲ್ಲಿ ದುಡಿದು ಬೇಗ ಹರಿಯುತ್ತವೆ. ಹೆಡ್‌ಲೈಟೂ ಕೆಳಗಿಳಿಯುತ್ತದೆ, ಬೆಳಕು ಮೊದಲಿನಷ್ಟು ದೂರ ಬೀಳುವುದಿಲ್ಲ. ಹಿಂಭಾಗ ಮಾತ್ರ ಇಳಿದರೆ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ರಾತ್ರಿ ದೀಪವಿಲ್ಲದ ಬಂಡಿ, ಹಿಂದೆ ಕೆಂಪು ಪಟ್ಟಿಯೂ ಇಲ್ಲದ ಟ್ರೇಲರು ಇರುವ ದಾರಿಯಲ್ಲಿ ಇದು ಸಣ್ಣ ಮಾತಲ್ಲ.

ಕಾನೂನಿನದೂ ಒಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಆರ್‌ಸಿಯ ವಿವರಗಳು ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ಹೇಳುತ್ತದೆ. ದಂಡಕ್ಕಿಂತ ನನಗೆ ಭಯ ವಿಮೆಯದು. ಹೇಳದೆ ಮಾಡಿಸಿದ ಬದಲಾವಣೆ ಅಪಘಾತದ ನಂತರ ಸರ್ವೇಯರನ ಕಣ್ಣಿಗೆ ಬಿದ್ದರೆ, ನಿನ್ನ ಕಾರಿನ ನಷ್ಟ ತುಂಬಿಕೊಡಲು ಕಂಪನಿ ತಕರಾರು ತೆಗೆಯಬಹುದು. ಸಾಲದ ಕಂತು ಆಗಲೂ ತಪ್ಪುವುದಿಲ್ಲ. ಆದ್ದರಿಂದ ಏನೇ ಬದಲಿಸುವ ಮೊದಲು ರಾಯಚೂರಿನ ಆರ್‌ಟಿಒ ಕಚೇರಿಯಲ್ಲಿ ಕೇಳು, ವಿಮೆಯವರಿಗೂ ಬರೆದು ತಿಳಿಸು.

ಹಾಗಾದರೆ ಚಂದಕ್ಕೆ ಏನು ಮಾಡಲಿ ಅಂತ ಕೇಳುತ್ತೀ. ಮಾಡಬಹುದಾದದ್ದು ಬಹಳ ಇದೆ. ಗಾಲಿಯ ಕಮಾನು ತುಂಬಿ ಕಾಣಬೇಕೆಂದರೆ ನಿನ್ನದೇ ಕಾರಿನ ಮೇಲಿನ ಮಾಡೆಲಿಗೆ ಕಂಪನಿಯವರೇ ಯಾವ ಗಾಲಿ ಕೊಟ್ಟಿದ್ದಾರೆ ನೋಡು. 2018ರ ಸ್ವಿಫ್ಟಿನಲ್ಲಿ ಕೆಳಗಿನ ಮಾಡೆಲಿಗೆ 165/80 ಆರ್14, ಮೇಲಿನದಕ್ಕೆ 185/65 ಆರ್15 ಟೈರು. ಲೆಕ್ಕ ಹಾಕಿದರೆ ಎರಡರ ಒಟ್ಟು ಎತ್ತರವೂ ಸುಮಾರು 620 ಮಿಲಿಮೀಟರ್. ನೆಲದ ಎತ್ತರ ಹಾಗೇ ಉಳಿಯುತ್ತದೆ, ಸ್ಪೀಡೋಮೀಟರ್ ಕೆಡುವುದಿಲ್ಲ, ಆದರೆ ಟೈರು ಅಗಲ, ರಿಮ್ ದೊಡ್ಡದು, ಪಕ್ಕದಿಂದ ನೋಡಿದರೆ ಕಾರಿನ ನಿಲುವೇ ಬೇರೆ. ಸೆಕೆಂಡ್ ಹ್ಯಾಂಡ್ ಕಾರಿಗೆ ಹೊಸ ಶಾಕ್, ಹೊಸ ಬುಶ್ ಹಾಕಿಸಿದರೆ ತಿರುವಿನಲ್ಲಿ ತೂಗಾಡುವುದು ನಿಂತು, ತಗ್ಗಿಸಿದರೆ ಸಿಗುತ್ತದೆ ಅಂತ ನೀನು ಅಂದುಕೊಂಡ ಹಿಡಿತದಲ್ಲಿ ಬಹುಪಾಲು ಸಿಗುತ್ತದೆ. ಗೀರಿದ ಪೇಂಟು ತಿದ್ದಿಸು, ಮಂಕಾದ ಹೆಡ್‌ಲೈಟಿನ ಗಾಜು ತಿಕ್ಕಿಸು, ಸೀಟಿಗೆ ಒಳ್ಳೆಯ ಹೊದಿಕೆ ಹೊಲಿಸು, ಎಂಜಿನ್ನಿನ ಕೋಣೆಯ ಎರೆ ಧೂಳು ಒರೆಸಿಡು. ಹತ್ತು ವರ್ಷದ ಕಾರು ಹೊಸದರಂತೆ ನಿಂತಿದ್ದರೆ ಊರು ಅದನ್ನೂ ತಿರುಗಿ ನೋಡುತ್ತದೆ.

ಇಷ್ಟು ಹೇಳಿದರೂ ಮನಸ್ಸು ಕೇಳದಿದ್ದರೆ, ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡು. ಕೈಯಲ್ಲಿ ಅಳತೆ ಟೇಪು ಹಿಡಿದುಕೋ. ಕಾರಿನಲ್ಲಿ ಐದು ಮಂದಿ ಕೂರಿಸಿ, ಡಿಕ್ಕಿ ತುಂಬಿ, ಹೊಟ್ಟೆಯ ಅತಿ ಕೆಳಗಿನ ಭಾಗ ನೆಲದಿಂದ ಎಷ್ಟಿದೆ ಅಳೆ. ಆಮೇಲೆ ಬಾಗಲವಾಡದಿಂದ ನೀನು ಹೆಚ್ಚಾಗಿ ಹೋಗುವ ಊರಿನ ತನಕ ದಾರಿಯಲ್ಲಿ ಸಿಗುವ ಹಂಪ್ಸ್‌ಗಳ ಎತ್ತರ, ಅಗಲ ಅಳೆದು ಬರೆದುಕೋ. ಎರಡೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡು. ನನ್ನ ಮಾತು ನಂಬಬೇಡ, ಆ ಟೇಪನ್ನು ನಂಬು. ಆಮೇಲೂ ಬೇಕೆನಿಸಿ, ಅನುಮತಿಯೂ ಸಿಕ್ಕರೆ, ಒಂದು ಬೆರಳಿಗಿಂತ ಹೆಚ್ಚು ಇಳಿಸಬೇಡ. ಸ್ಪ್ರಿಂಗಿಗೆ ಹೊಂದುವ ಶಾಕ್ ಜೊತೆಗೇ ಹಾಕಿಸು, ಅಲೈನ್‌ಮೆಂಟ್ ಮಾಡಿಸು, ಹೆಡ್‌ಲೈಟ್ ಹೊಂದಿಸು, ಬಿಚ್ಚಿದ ಮೂಲ ಸ್ಪ್ರಿಂಗ್‌ಗಳನ್ನು ಮನೆಯ ಅಟ್ಟದ ಮೇಲೆ ಜೋಪಾನ ಇಡು. ಮದುವೆಯಾಗಿ ಮಗುವಾದ ಮೇಲೆ ಅವು ಬೇಕಾಗುತ್ತವೆ.

ಅಳೆದು ಬರೆದ ಆ ಹಾಳೆಯನ್ನು ಮಾತ್ರ ಎಸೆಯಬೇಡ. ನಿಮ್ಮ ಗೆಳೆಯರೆಲ್ಲ ಕೂಡಿ ಅದಕ್ಕೊಂದು ಅರ್ಜಿ ಲಗತ್ತಿಸಿ, ಊರೊಳಗಿನ ರಸ್ತೆಯದಾದರೆ ಪಂಚಾಯಿತಿಗೆ, ದೊಡ್ಡ ರಸ್ತೆಯದಾದರೆ ಲೋಕೋಪಯೋಗಿ ಇಲಾಖೆಗೆ ಕೊಡಿ. ಹಂಪ್ಸ್ ತೆಗೆಯಿರಿ ಅಂತ ಬರೆಯಬೇಡಿ. ಶಾಲೆಯ ಮುಂದೆ, ದವಾಖಾನೆಯ ಮುಂದೆ ಅದು ಬೇಕು, ನಮ್ಮ ಮಕ್ಕಳು ಅಲ್ಲಿ ರಸ್ತೆ ದಾಟುತ್ತಾರೆ. 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲದ ಅಳತೆಗೆ ಹಾಕಿ, ಮೇಲೆ ಬಿಳಿ ಪಟ್ಟಿ ಬಳಿಯಿರಿ, ಮುಂಚೆಯೇ ಎಚ್ಚರಿಕೆಯ ಫಲಕ ನಿಲ್ಲಿಸಿ ಅಂತ ಬರೆಯಿರಿ. ಒಮ್ಮೆಗೆ ಆಗದಿದ್ದರೆ ಮತ್ತೆ ಹೋಗಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಬಸುರಿಯರಿಗೆ, ಮುದುಕರಿಗೆ, ಬೈಕಿನ ಹಿಂದೆ ಮಗು ಎತ್ತಿಕೊಂಡು ಕೂತ ತಾಯಂದಿರಿಗೆ ಅದರಿಂದ ಆಗುವ ಉಪಕಾರ ದೊಡ್ಡದು. ನಮ್ಮೂರಲ್ಲಿ ಇಳಿಸಬೇಕಾದದ್ದು ಆ ಚೂಪು ದಿಬ್ಬಗಳನ್ನು ತಮ್ಮಾ, ನಿನ್ನ ಕಾರನ್ನಲ್ಲ.